ಷೆಡ್ಡಿನಲ್ಲಿರುವ ಫಿಯೆಟ್ ಮಾರುವ ಮುಂಚೆ

ನಮ್ಮ ಫಿಯೆಟ್ ನೋಡಲು ಮೊದಲು ಬಂದವರು ಪೇಂಟ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾವು ಹಿಂದಿನ ದಿನ ಪೂರ್ತಿ ಕೂತು ಉಜ್ಜಿದ್ದೆವು. ಬಂಪರ್‌ನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಆ ಮನುಷ್ಯ ಸರಸ್ವತಿಪುರಂನ ನಮ್ಮ ಮನೆ ಗೇಟು ದಾಟಿದವರೇ ಪ್ಯಾಂಟು ಮೇಲೆಳೆದುಕೊಂಡು ನೆಲಕ್ಕೆ ಮಂಡಿಯೂರಿದರು. ಬಾಗಿಲ ಕೆಳಗಿನ ತಗಡಿನ ಉದ್ದಕ್ಕೂ ಬೆರಳ ಗೆಣ್ಣಿನಲ್ಲಿ ಟಕ್ ಟಕ್ ಅಂತ ತಟ್ಟುತ್ತಾ ಹೋದರು. ಒಂದು ಜಾಗದಲ್ಲಿ ಸದ್ದು ಬದಲಾಯಿತು. ಮಣ್ಣಿನ ಗೋಡೆ ತಟ್ಟಿದ ಹಾಗೆ ದಪ್ ಅಂತು. ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಅಲ್ಲಿಟ್ಟರು. ಅದು ಅಂಟಲಿಲ್ಲ, ಜಾರಿ ಬಿತ್ತು.

"ಇಲ್ಲಿ ಪುಟ್ಟಿ ಇದೆ ಸಾರ್," ಅಂದರು. ತಗಡಿನ ತೂತು, ತಗ್ಗು ಮುಚ್ಚಲು ಮೆತ್ತುವ ಪೇಸ್ಟ್ ಅದು. ಕೈ ಒರೆಸಿಕೊಂಡು ಎದ್ದು ಇನ್ನೊಂದು ಪ್ರಶ್ನೆ ಕೇಳಿದರು. "ಆರ್‌ಸಿ ಯಾರ ಹೆಸರಲ್ಲಿದೆ?"

ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ಬಂದವರು ಕಾಫಿ ಕುಡಿದು, "ಪೇಪರ್ ಆದಮೇಲೆ ಹೇಳಿ" ಅಂತ ಹೊರಟರು. ಬೆಲೆಯ ಮಾತೇ ಬರಲಿಲ್ಲ.

ಐದು ವರ್ಷದ ಕಾರು ಮಾರುವಾಗ ಮಾಡೆಲ್ ಯಾವುದು, ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುತ್ತಾರೆ. ಐವತ್ತು ವರ್ಷದ ಕಾರಿನ ಮುಂದೆ ನಿಂತವರು ಎರಡೇ ವಿಷಯ ನೋಡುತ್ತಾರೆ. ತಗಡು, ಎಂಜಿನ್ ಮೊದಲಿನದೇ ಇದೆಯಾ? ಕಾಗದಕ್ಕೆ ಜೀವ ಇದೆಯಾ? ಉಳಿದದ್ದೆಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ನಾವು ಉಜ್ಜಿದ್ದು ಆ ಉಳಿದದ್ದನ್ನು.

ಮೈಸೂರಿನ ಹಳೇ ಬಡಾವಣೆಗಳಲ್ಲಿ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಚಾಮರಾಜಪುರಂ ಕಡೆ, ಇನ್ನೂ ಒಂದಷ್ಟು ಷೆಡ್ಡುಗಳಲ್ಲಿ ಹೊದಿಕೆ ಹೊದ್ದ ಗಾಡಿಗಳು ನಿಂತಿವೆ. ಮಕ್ಕಳು ಬೆಂಗಳೂರಿನಲ್ಲಿ, ಮನೆ ಮಾರುವ ಮಾತು ನಡೆದಿದೆ, ಕಾರು ಏನು ಮಾಡೋದು ಅಂತ ಗೊತ್ತಾಗುತ್ತಿಲ್ಲ. ಅಂಥವರಿಗೆ ಇದನ್ನು ಬರೆಯುತ್ತಿದ್ದೇನೆ.

ವಿಂಟೇಜ್ ಅನ್ನೋ ಮಾತು

ಮೊದಲು ಈ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಬಾಯಲ್ಲಿ ಹಳೇದೆಲ್ಲ ವಿಂಟೇಜ್. ಹಳೇ ಕಾರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ 1919ರಿಂದ 1930ರ ನಡುವೆ ತಯಾರಾದದ್ದು ಮಾತ್ರ ವಿಂಟೇಜ್. ಆ ಲೆಕ್ಕದಲ್ಲಿ ನಮ್ಮ ಫಿಯೆಟ್ಟು, ಅಂಬಾಸಿಡರ್ರು ಯಾವುದೂ ವಿಂಟೇಜ್ ಅಲ್ಲ. 30 ವರ್ಷ ದಾಟಿ, ಮೂಲ ರೂಪದಲ್ಲಿ ಉಳಿದಿದ್ದರೆ ಅದನ್ನು 'ಐತಿಹಾಸಿಕ ವಾಹನ' ಅನ್ನುತ್ತಾರೆ. ಕ್ಲಬ್ಬಿನವರು ಸಾಮಾನ್ಯವಾಗಿ ಕ್ಲಾಸಿಕ್ ಅನ್ನುತ್ತಾರೆ.

ನಮ್ಮ ದೇಶದ ಕಾನೂನಿನ ಲೆಕ್ಕ ಬೇರೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗದ ಎರಡು ಚಕ್ರ ಅಥವಾ ನಾಲ್ಕು ಚಕ್ರದ ಗಾಡಿ ವಿಂಟೇಜ್. ಅದಕ್ಕೆ ಪ್ರತ್ಯೇಕ ನೋಂದಣಿ ಇದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ಹೊಸದಾಗಿ ನೋಂದಣಿ ಆಗುವ ಗಾಡಿಗೆ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಅಂತ ಬರುತ್ತದೆ. ಮೊದಲೇ ನೋಂದಣಿ ಇದ್ದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಒಂದು ಕಟ್ಟುಪಾಡು ಇದೆ. ವಿಂಟೇಜ್ ಅಂತ ನೋಂದಣಿ ಆದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು. ಬಾಡಿಗೆಗೆ ಬಿಡುವ ಹಾಗೂ ಇಲ್ಲ. ಮದುವೆ ಮೆರವಣಿಗೆಗೆ ಕೊಟ್ಟು ದುಡ್ಡು ಮಾಡೋಣ ಅಂತ ಯೋಚಿಸಿದವರು ಅದನ್ನು ಮರೆಯಬಹುದು.

ಹಾಗಾದರೆ ಮಾರುವ ಮುಂಚೆ ವಿಂಟೇಜ್ ನೋಂದಣಿ ಮಾಡಿಸಬೇಕಾ? ನನ್ನ ಉತ್ತರ: ಮಾಮೂಲಿ ಆರ್‌ಸಿ ಚಾಲ್ತಿಯಲ್ಲಿದ್ದರೆ ಬೇಡ. ಫಿಯೆಟ್ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೆಆರ್‌ಎಸ್ ಕಡೆ ಹೋಗಿ ಬರುವ ಆಸೆ. ವಿಂಟೇಜ್ ನೋಂದಣಿ ಆ ಆಸೆಗೇ ಅಡ್ಡ ಬರುತ್ತದೆ. ಬೇಕಾದರೆ ಕೊಂಡವರು ಮಾಡಿಸಿಕೊಳ್ಳಲಿ. ಆರ್‌ಸಿ ಸತ್ತು ಎಷ್ಟೋ ವರ್ಷ ಆಗಿದೆ, ಗಾಡಿ 1950ರದೋ 60ರದೋ, ಸಂಗ್ರಹ ಮಾಡುವವರಿಗೇ ಹೋಗುತ್ತದೆ ಅನ್ನುವಂತಿದ್ದರೆ ಮಾತ್ರ ಈ ದಾರಿ ಯೋಚಿಸಿ.

ಇಲ್ಲೇ ಇನ್ನೊಂದು ಭಯ ತೆಗೆದುಬಿಡುತ್ತೇನೆ. 15 ವರ್ಷ ಆದ ಕಾರು ಗುಜರಿಗೆ ಹಾಕಲೇಬೇಕಂತೆ ಅಂತ ಬಹಳ ಜನ ನಂಬಿದ್ದಾರೆ. ಗಾಡಿಯ ವಯಸ್ಸು ನೋಡಿ ರಸ್ತೆಯಿಂದಲೇ ತೆಗೆಯುವ ಆದೇಶ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಆಗುತ್ತಾ ಹೋಗುತ್ತದೆ.

ಕಾಗದ

ನಮ್ಮದು 1971ರ ಫಿಯೆಟ್ 1100 ಡಿಲೈಟ್. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. 1089 ಸಿಸಿ ಎಂಜಿನ್, ಸ್ಟೀರಿಂಗ್ ಕೆಳಗೇ ಗೇರ್. ಇದೇ ಗಾಡಿ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ ಆಯಿತು. ಅಪ್ಪ ಎರಡನೇ ಮಾಲೀಕರು. ಆರ್‌ಸಿ ಪುಸ್ತಕ ತೆರೆದರೆ ಮೊದಲ ಪುಟದಲ್ಲಿ ಮೈಸೂರು ರಾಜ್ಯ ಅಂತಿದೆ. ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ನಂಬರ್ 'ಎಂವೈ' ಇಂದ ಶುರು. ಇಂಥ ಮೂರಕ್ಷರದ ನಂಬರ್ ಇದ್ದರೆ ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ. ಈ ಗಾಡಿ ಹುಟ್ಟಿದಾಗಿನಿಂದ ಈ ಸೀಮೆಯದೇ ಅನ್ನೋದಕ್ಕೆ ಅದೇ ಸಾಕ್ಷಿ. ಅಪ್ಪ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಹಳೇ ಪ್ಲೇಟುಗಳನ್ನು ಬಿಚ್ಚಿ ಅಟ್ಟದ ಮೇಲಿಟ್ಟಿದ್ದರು. ರಸ್ತೆಯಲ್ಲಿ ಅವನ್ನು ಹಾಕುವಂತಿಲ್ಲ. ಆದರೂ ಕೊಂಡವರು ಮೊದಲು ಎತ್ತಿ ಎದೆಗವಚಿಕೊಂಡದ್ದು ಅವನ್ನೇ.

ಮೊದಲ ತೊಡಕು ಹೆಸರಿನದು. ಮಾಲೀಕರು ತೀರಿಕೊಂಡಿದ್ದರೆ ಅವರ ಹೆಸರಿನಿಂದ ನೇರವಾಗಿ ಕೊಳ್ಳುವವರ ಹೆಸರಿಗೆ ಹೋಗುವುದಿಲ್ಲ. ಮಧ್ಯೆ ಒಬ್ಬ ವಾರಸುದಾರರು ಬರಬೇಕು. ಸಾವಿನ ವಿಷಯ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು ಅನ್ನುತ್ತದೆ ನಿಯಮ. ತಡವಾದರೆ ದಂಡ ಕಟ್ಟಿ ಮಾಡಿಸಿಕೊಳ್ಳಬೇಕು. ನಾವು ಕಟ್ಟಿದೆವು. ಅದರ ಜೊತೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರಿಂದ 'ನಮ್ಮ ತಕರಾರಿಲ್ಲ' ಅಂತ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ. ನಮ್ಮ ಅಕ್ಕ ಶಿವಮೊಗ್ಗದಲ್ಲಿದ್ದಾಳೆ. ಆ ಒಂದು ಸಹಿಗೋಸ್ಕರ ಒಂದು ತಿಂಗಳು ಹೋಯಿತು. ಸಹಿ ಹಾಕಲು ಅವಳಿಗೆ ತಕರಾರಿರಲಿಲ್ಲ. ಮಾರುವುದಕ್ಕೇ ಮನಸ್ಸಿರಲಿಲ್ಲ. ಅದನ್ನು ಆರ್‌ಟಿಒ ಬಗೆಹರಿಸುವುದಿಲ್ಲ. ಮನೆಯಲ್ಲಿ ಎಲ್ಲರೂ ಒಪ್ಪಿದ ಮೇಲೆಯೇ ಗಿರಾಕಿ ಹುಡುಕಿ, ಅದಕ್ಕೂ ಮುಂಚೆ ಅಲ್ಲ.

ಎರಡನೇ ತೊಡಕು ನಮಗೆ ಗೊತ್ತೇ ಇರಲಿಲ್ಲ. ಆರ್‌ಸಿಯ ಒಳಪುಟದಲ್ಲಿ ಒಂದು ಬ್ಯಾಂಕಿನ ಮೊಹರು ಇತ್ತು. ಅಪ್ಪ 70ರ ದಶಕದ ಕೊನೆಗೆ ಸಾಲ ಮಾಡಿ ಗಾಡಿ ತಗೊಂಡಿದ್ದು, ಸಾಲ ತೀರಿಸಿದ್ದು ಎರಡೂ ನಿಜ. ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದ್ದು ಮಾತ್ರ ಇಲ್ಲ. ಕಾಗದದ ಪ್ರಕಾರ ಗಾಡಿ ಇನ್ನೂ ಅಡವು! ಇದನ್ನು ತೆಗೆಸಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಫಾರಂ 35 ಬೇಕು. ನಮ್ಮ ಕಡೆಯ ತಮಾಷೆ ಏನೆಂದರೆ ಆಗ ಸಾಲ ಕೊಟ್ಟ ಎಷ್ಟೋ ಬ್ಯಾಂಕುಗಳೇ ಈಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಒಳಗೆ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ಹೆಸರು ಹೋದರೂ ಜವಾಬ್ದಾರಿ ಸೇರಿಸಿಕೊಂಡ ಬ್ಯಾಂಕಿಗೆ ಬಂದಿರುತ್ತದೆ. ಪತ್ರ ಅಲ್ಲಿಂದ ತರಬೇಕು. ಸಾಲ ತೀರಿದ ಹಳೇ ರಸೀದಿ ಏನಾದರೂ ಸಿಕ್ಕರೆ ದೇವರ ಮನೆಯಲ್ಲಿಟ್ಟು ಪೂಜೆ ಮಾಡಿ.

ಮೂರನೆಯದು ನವೀಕರಣ. ನಮ್ಮ ಕಡೆ ಎಲ್ಲರೂ ಇದನ್ನು 'ಎಫ್‌ಸಿ ಮಾಡಿಸೋದು' ಅನ್ನುತ್ತಾರೆ. 15 ವರ್ಷ ಆದಮೇಲೆ ಐದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿದೆ. ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ ಬೇರೆ. ಮಾರುವ ಗಾಡಿಗೆ ಇಷ್ಟು ಖರ್ಚು ಯಾಕೆ ಅನಿಸುತ್ತದೆ. ಖಂಡಿತ ಮಾಡಿಸಿ. ಆರ್‌ಸಿ ಚಾಲ್ತಿ ಇಲ್ಲದ ಗಾಡಿಗೆ ಗಿರಾಕಿ ತನ್ನ ಭಯವನ್ನೆಲ್ಲ ಸೇರಿಸಿ ಬೆಲೆ ಇಳಿಸುತ್ತಾನೆ. ಆ ಇಳಿತ ಯಾವಾಗಲೂ ಶುಲ್ಕಕ್ಕಿಂತ ಜಾಸ್ತಿ.

ಹಳೇ ಗಾಡಿಗಳದ್ದೇ ಆದ ಇನ್ನೊಂದು ಗೋಳಿದೆ. ನಿಮ್ಮ ಆರ್‌ಸಿ ಕೈಬರಹದ ಪುಸ್ತಕವಾಗಿದ್ದರೆ ಅದರ ವಿವರ ಸಾರಿಗೆ ಇಲಾಖೆಯ 'ವಾಹನ್' ಕಂಪ್ಯೂಟರಿನಲ್ಲಿ ಇಲ್ಲದೇ ಇರಬಹುದು. ನಂಬರ್ ಹಾಕಿ ಹುಡುಕಿದರೆ ಗಾಡಿ ಹುಟ್ಟೇ ಇಲ್ಲ ಅನ್ನುತ್ತದೆ. ಹಾಗಿದ್ದರೆ ಮೊದಲು ಮೂಲ ಕಚೇರಿಯಲ್ಲಿ ಹಳೇ ವಿವರವನ್ನು ಕಂಪ್ಯೂಟರಿಗೆ ಸೇರಿಸುವ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅದಾಗದೆ ಮುಂದಿನ ಯಾವ ಅರ್ಜಿಯೂ ನಡೆಯುವುದಿಲ್ಲ. ಆರ್‌ಸಿಯೇ ಕಳೆದಿದ್ದರೆ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ಫಾರಂ 26ರಲ್ಲಿ ನಕಲು ಪ್ರತಿಗೆ ಅರ್ಜಿ.

ಕೊನೆಗೆ ಚಾಸಿ ನಂಬರ್. ಬಾನೆಟ್ ಎತ್ತಿ ನಂಬರ್ ಕೊರೆದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬರುತ್ತವೆ. ಚಿಕ್ಕವರಿದ್ದಾಗ ನಾಲ್ಕಾಣೆ ಮೇಲೆ ಕಾಗದ ಇಟ್ಟು ಉಜ್ಜಿದ ಹಾಗೆಯೇ. ಈ ಪೆನ್ಸಿಲ್ ಪ್ರಿಂಟನ್ನು ಆರ್‌ಟಿಒ ಅರ್ಜಿಗೆ ಅಂಟಿಸಬೇಕು. ಅದಕ್ಕಿಂತ ಮುಖ್ಯವಾಗಿ, ಆರ್‌ಸಿಯಲ್ಲಿರುವ ಅಂಕಿಗೂ ಇದಕ್ಕೂ ತಾಳೆ ನೋಡಿ. ಎಂಜಿನ್ ನಂಬರ್ ಕೂಡ. ಪೆಟ್ರೋಲ್ ದುಬಾರಿ ಅಂತ ಡೀಸೆಲ್ ಎಂಜಿನ್ ಕೂರಿಸಿಕೊಂಡ ಅಂಬಾಸಿಡರ್‌ಗಳು ಎಷ್ಟೋ ಇವೆ. ಆರ್‌ಸಿಯಲ್ಲಿ ಅದು ನಮೂದಾಗಿಲ್ಲದಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ತಗಡು, ಮತ್ತು ಸುಮ್ಮನಿರುವ ಕಲೆ

ಮೈಸೂರಿನ ಗಾಡಿಗೆ ಒಂದು ಅದೃಷ್ಟ ಇದೆ. ಮಂಗಳೂರು, ಕಾರವಾರದ ಉಪ್ಪುಗಾಳಿ ನಮಗಿಲ್ಲ. ಅಲ್ಲಿ ಇಷ್ಟು ವರ್ಷ ನಿಂತ ತಗಡು ಹಪ್ಪಳ ಆಗಿರುತ್ತಿತ್ತು. ಗಿರಾಕಿಗಳಿಗೂ ಇದು ಗೊತ್ತು. ಮೈಸೂರು ಗಾಡಿ, ಷೆಡ್ಡಿನ ಗಾಡಿ ಅಂದರೆ ದನಿ ಸ್ವಲ್ಪ ಮೃದುವಾಗುತ್ತದೆ.

ಆದರೂ ನೀರು ನಿಲ್ಲುವ ಜಾಗ ಎಲ್ಲ ಕಡೆ ಇದೆ. ಬಾಗಿಲ ಕೆಳಗಿನ ತಗಡು, ಡಿಕ್ಕಿಯೊಳಗೆ ಸ್ಟೆಪ್ನಿ ಕೂರುವ ಗುಂಡಿ, ಮ್ಯಾಟ್ ಕೆಳಗಿನ ನೆಲ, ಬ್ಯಾಟರಿ ಕೆಳಗೆ ಆ್ಯಸಿಡ್ ಸೋರಿದ ಜಾಗ. ಗಿರಾಕಿ ನೋಡುವ ಮುಂಚೆ ನೀವೇ ನೋಡಿ. ಒಂದು ಅಯಸ್ಕಾಂತ ಸಾಕು. ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಪುಟ್ಟಿ ಸಿಕ್ಕ ಜಾಗದ ಫೋಟೋ ತೆಗೆದು ಮೊದಲೇ ತೋರಿಸಿ. ನಾವು ಎರಡನೇ ಸಲದಿಂದ ಹಾಗೇ ಮಾಡಿದೆವು. ಹುಳುಕನ್ನು ಮಾರುವವರೇ ತೋರಿಸಿದರೆ ಗಿರಾಕಿ ಹುಡುಕುವುದನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ತಾನೇ ಕಂಡುಹಿಡಿದರೆ ಸಂಜೆವರೆಗೂ ಹುಡುಕುತ್ತಾನೆ.

ಈಗ ಸುಮ್ಮನಿರುವ ಕಲೆ. ಮಾರುವ ಮುಂಚೆ ಪೂರ್ತಿ ಪೇಂಟ್ ಮಾಡಿಸಬೇಡಿ. ಬ್ರೋಕರ್ ಹೇಳುತ್ತಾರೆ, ನೆಂಟರು ಹೇಳುತ್ತಾರೆ, ಟಿಂಕರಿಂಗ್ ಷೆಡ್ಡಿನವರಂತೂ ಹೇಳಿಯೇ ಹೇಳುತ್ತಾರೆ. ಕಾರ್ಖಾನೆಯಲ್ಲಿ ಹೊಡೆದ ಪೇಂಟ್ ಒಂದೇ ಸಲ ಇರುತ್ತದೆ. ಮಾಸಿದ್ದರೂ ಅದರ ಕೆಳಗೆ ಏನೂ ಬಚ್ಚಿಟ್ಟಿಲ್ಲ ಅನ್ನುವುದು ಗೊತ್ತಾಗುತ್ತದೆ. ಹೊಸ ಪೇಂಟ್ ಕಂಡ ಕೂಡಲೇ ತಿಳಿದವರಿಗೆ ಬರುವ ಅನುಮಾನ, ಇದರಡಿ ಏನಿದೆ? ನಮ್ಮ ಗಾಡಿಯ ಸೀಟಿಗೆ ಅಮ್ಮ ಮೂವತ್ತು ವರ್ಷ ಟವೆಲ್ ಬಟ್ಟೆಯ ಕವರ್ ಹೊಲಿದು ಹಾಕಿದ್ದರು. ನೋಡಲು ಏನೂ ಚೆಂದ ಇರಲಿಲ್ಲ. ಅದನ್ನು ಬಿಚ್ಚಿದರೆ ಕೆಳಗೆ ಕಾರ್ಖಾನೆಯ ರೆಕ್ಸಿನ್ ಹಾಗೇ ಇತ್ತು, ಹೊಲಿಗೆ ಕೂಡ ಬಿಟ್ಟಿರಲಿಲ್ಲ. ಹೊಸ ಸೀಟ್ ಹೊಲಿಸಿದ್ದರೆ ಆ ರೆಕ್ಸಿನ್ ಗುಜರಿಗೆ ಹೋಗುತ್ತಿತ್ತು.

ಮೂಲದ್ದು ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ಕಣ್ಣು ಪಳಗಬೇಕು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಪಯಣ ಮ್ಯೂಸಿಯಂ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳು ಅಲ್ಲಿವೆ. ಒಂದು ಮಧ್ಯಾಹ್ನ ಹೋಗಿ ನೋಡಿ ಬನ್ನಿ.

ಮಾಡಿಸಬೇಕಾದ ಕೆಲಸವೂ ಇದೆ: ಗಾಡಿ ಸ್ಟಾರ್ಟ್ ಆಗಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು. ಬ್ಯಾಟರಿ, ಬ್ರೇಕ್, ಕೂಲಂಟ್ ಪೈಪು. ಪೆಟ್ರೋಲ್ ಪೈಪನ್ನು ಮರೆಯಬೇಡಿ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ. ನಮ್ಮ ಮಂಡ್ಯದ ಕಬ್ಬಿಗೆ ಒಳ್ಳೇದೇ. ಆದರೆ 1971ರ ರಬ್ಬರ್‌ಗೆ ಆಗಿಬರುವುದಿಲ್ಲ. ಹಳೇ ರಬ್ಬರ್ ಪೈಪು, ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಡಯಾಫ್ರಂ ಅನ್ನೋ ಪೊರೆ ಉಬ್ಬಿ, ಮೆತ್ತಗಾಗಿ, ಸೀಳುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಯಲು ಅಷ್ಟು ಸಾಕು. ಹಳೇ ಪೆಟ್ರೋಲ್ ಖಾಲಿ ಮಾಡಿಸಿ, ಪೈಪು ಬದಲಾಯಿಸಿ, ಬಿಲ್ ಇಟ್ಟುಕೊಳ್ಳಿ.

ಬೆಲೆ

ನೆನಪಿಗೆ ಬೆಲೆ ಕಟ್ಟಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದು ಸುಲಭ. ಅಪ್ಪ ಇದೇ ಗಾಡಿಯಲ್ಲಿ ನನ್ನನ್ನು ಚೆಲುವಾಂಬ ಆಸ್ಪತ್ರೆಯಿಂದ ಮನೆಗೆ ತಂದಿದ್ದು. ಅದಕ್ಕೆ ಗಿರಾಕಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

ವಯಸ್ಸೊಂದಕ್ಕೇ ಬೆಲೆ ಬರುತ್ತದೆ ಅನ್ನುವುದೂ ತಪ್ಪು. ಪದ್ಮಿನಿ ಎರಡೂವರೆ ದಶಕ ಬಂತು. ಬಂಗಾಳದ ಉತ್ತರಪಾರಾದ ಅಂಬಾಸಿಡರ್ 50ರ ದಶಕದ ಕೊನೆಯಿಂದ 2014ರ ತನಕ ತಯಾರಾಯಿತು. ಅಂದರೆ ಈ ಗಾಡಿಗಳಿಗೆ ಬರ ಇಲ್ಲ. ಬರ ಇರುವುದು ಚೆನ್ನಾಗಿ ಉಳಿದವಕ್ಕೆ. ಒಳ್ಳೇದು ಏನಂದರೆ ಬಿಡಿಭಾಗ ಇನ್ನೂ ಸಿಗುತ್ತವೆ, ಹಾಗಾಗಿ ಹೊಸಬರೂ ಧೈರ್ಯವಾಗಿ ಕೊಳ್ಳುತ್ತಾರೆ. ಮದ್ರಾಸಿನಲ್ಲಿ 1961ರಿಂದ ಹತ್ತು ವರ್ಷ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರ ಉಲ್ಟಾ. ಗಾಡಿ ಕಮ್ಮಿ, ಭಾಗವೂ ಕಮ್ಮಿ. ಬೇಕು ಅನ್ನುವವರು ನಾಲ್ಕೇ ಜನ, ಆದರೆ ಆ ನಾಲ್ವರಿಗೆ ಅದೇ ಬೇಕು.

ಆನ್‌ಲೈನಿನಲ್ಲಿ ಕಾಣುವುದು ಕೇಳುತ್ತಿರುವ ಬೆಲೆ. ಮಾರಾಟವಾದ ಬೆಲೆ ಅಲ್ಲ. ಆರು ತಿಂಗಳಿಂದ ಅದೇ ಜಾಹೀರಾತು ಇದೆ ಅಂದರೆ ಆ ಬೆಲೆಗೆ ಯಾರೂ ಕೊಂಡಿಲ್ಲ ಅಂತ ಅರ್ಥ. ಹಳೇ ಕಾರಿನ ಕ್ಲಬ್ಬಿನ ಒಬ್ಬರನ್ನೋ, ಫಿಯೆಟ್ ಕೆಲಸದಲ್ಲೇ ತಲೆ ನರೆತ ಮೆಕ್ಯಾನಿಕ್ಕನ್ನೋ ಕರೆದು ತೋರಿಸಿ. ಅವರು ಹೇಳಿದ್ದು ಮನಸ್ಸಿಗೆ ನೋವಾಗುತ್ತದೆ, ಆದರೆ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಇನ್ಷೂರೆನ್ಸಿನವರ ಐಡಿವಿಯನ್ನು, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಬರೆದ ಬೆಲೆಯನ್ನು, ಹಿಡಿದುಕೊಂಡು ಜಗಳ ಆಡಬೇಡಿ. ತಯಾರಿಕೆ ನಿಂತ ಮಾಡೆಲ್‌ಗೆ ಅದನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಂಡಿರುತ್ತಾರೆ, ಮಾರುಕಟ್ಟೆಯ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ.

ಫೋಟೋ ಬಗ್ಗೆ ಒಂದು ಮಾತು. ಲಲಿತಮಹಲ್ ಮುಂದೆ ನಿಲ್ಲಿಸಿ ಇಪ್ಪತ್ತು ಫೋಟೋ ತೆಗೆಯುವವರಿದ್ದಾರೆ. ಅರಮನೆ ಮಾರಾಟಕ್ಕಿಲ್ಲ. ಡಿಕ್ಕಿಯ ನೆಲ, ಬಾನೆಟ್ ಒಳಗಡೆ, ಗಾಡಿಯ ಹೊಟ್ಟೆ, ಚಾಸಿ ಪ್ಲೇಟು ತೆಗೆದು ಹಾಕಿ. ತಿಳಿದ ಗಿರಾಕಿ ಅವನ್ನೇ ದೊಡ್ಡದು ಮಾಡಿ ನೋಡುತ್ತಾನೆ. ನೋಡದೇ ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನುವವರ ಫೋನ್ ಇಟ್ಟುಬಿಡಿ. ದುಡ್ಡು ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಾಗಿಲ್ಲ.

ಬೆಟ್ಟ ಹತ್ತಿಸಿ

ಮೈಸೂರಿನಲ್ಲಿ ಹಳೇ ಗಾಡಿ ಪರೀಕ್ಷೆಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೇ ಜಾಗ ಇಲ್ಲ. ಗಿರಾಕಿ ಕೇಳದಿದ್ದರೂ ನೀವೇ ಕರೆದುಕೊಂಡು ಹೋಗಿ, ಆದರೆ ಇನ್ಷೂರೆನ್ಸ್, ಎಮಿಷನ್ ಎರಡೂ ಚಾಲ್ತಿ ಇರಬೇಕು. ಹತ್ತುವಾಗ ರೇಡಿಯೇಟರ್, ಕ್ಲಚ್ ಮಾತಾಡುತ್ತವೆ. ಇಳಿಯುವಾಗ ಬ್ರೇಕ್. ಇವಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಒತ್ತಿಯೇ ಹಿಡಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು. ಈಗಿನ ಗಾಡಿ ಓಡಿಸಿದವರಿಗೆ ಇದನ್ನು ಪಕ್ಕದಲ್ಲಿ ಕೂತು ಹೇಳಬೇಕಾಗುತ್ತದೆ.

ಬೇಸಗೆ ಮಧ್ಯಾಹ್ನ ಹೋದರೆ ಗಾಡಿ ಅರ್ಧ ದಾರಿಯಲ್ಲಿ ಕೆಮ್ಮಿ ನಿಲ್ಲಬಹುದು. ಗಾಬರಿ ಬೇಡ. ಎಂಜಿನ್ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಪಂಪು ಎಳೆಯಲಾರದೆ ಒದ್ದಾಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ಸರಿಹೋಗುತ್ತದೆ. ಅಪ್ಪ ಡ್ಯಾಶ್‌ಬೋರ್ಡಿನಲ್ಲಿ ಯಾವಾಗಲೂ ಒಂದು ಹಳೇ ಪಂಚೆ ತುಂಡು ಇಟ್ಟಿರುತ್ತಿದ್ದರು. ಅದೂ ಗಾಡಿ ಜೊತೆ ಹೋಯಿತು.

ಕೈ ಬದಲಾಗುವ ದಿನ

ಇಲ್ಲಿ ಜನ ಮೈಮರೆಯುತ್ತಾರೆ. ದುಡ್ಡು ಬಂತು, ಕೀ ಕೊಟ್ಟಾಯಿತು, 'ನಿಧಾನಕ್ಕೆ ಹೆಸರು ಮಾಡಿಸ್ಕೊಳ್ಳಿ' ಅಂತ ಖಾಲಿ ಫಾರಂಗೆ ಸಹಿ ಹಾಕಿ ಕೊಡುತ್ತಾರೆ. ದಯವಿಟ್ಟು ಬೇಡ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಮೂರು ಕೈ ಬದಲಾಗಿ ಎಲ್ಲೋ ಅಪಘಾತ ಆದರೂ ಪರಿಹಾರದ ನೋಟಿಸ್ ನಿಮ್ಮ ಮನೆಗೇ ಬರುತ್ತದೆ.

ಫಾರಂ 29 ಮಾರಿದವರು ಕೊಡುವ ತಿಳಿವಳಿಕೆ, ಫಾರಂ 30 ವರ್ಗಾವಣೆಯ ಅರ್ಜಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ ತಿಳಿಸಬೇಕು. ಕೊಂಡವರಿಗೆ 30 ದಿನ. ಹೊರ ರಾಜ್ಯಕ್ಕಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು, ಸಮಯ 45 ದಿನ. ಹಳೇ ಇ-ಚಲನ್ ಬಾಕಿ ಇದ್ದರೆ ಮೊದಲೇ ಕಟ್ಟಿ. ಇನ್ಷೂರೆನ್ಸನ್ನು ಕೊಂಡವರು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ವಿಂಟೇಜ್ ಅಂತ ನೋಂದಣಿ ಆದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಅರ್ಧ ರಿಯಾಯಿತಿ ಇದೆ, ಇದು ಕೊಳ್ಳುವವರಿಗೆ ಹೇಳಬೇಕಾದ ಮಾತು.

ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯನ್ನು ನಗದಾಗಿ ತಗೊಳ್ಳುವಂತೆಯೇ ಇಲ್ಲ. ಮನೆ ಬಳಕೆಯ ಕಾರು ಮಾರಿದ ದುಡ್ಡಿಗೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ.

ಕೀ ಕೊಡುವಾಗ ಡೆಲಿವರಿ ನೋಟ್ ಬರೆಸಿ. ಎರಡು ಪ್ರತಿ. ಅದರಲ್ಲಿ ತಾರೀಖಿನ ಜೊತೆ ಗಂಟೆಯೂ ಇರಲಿ. 'ಈ ಹೊತ್ತಿನ ನಂತರ ಈ ವಾಹನದಿಂದ ಆಗುವ ಎಲ್ಲದಕ್ಕೂ ನಾನೇ ಹೊಣೆ' ಅಂತ ಕೊಂಡವರ ಸಹಿ, ಅವರ ಗುರುತಿನ ಚೀಟಿಯ ಪ್ರತಿ. ನಮ್ಮದರಲ್ಲಿ ಬೆಳಗ್ಗೆ 11.20 ಅಂತಿದೆ. ರಾಹುಕಾಲ ಮುಗಿಯಲಿ ಅಂತ ಅಮ್ಮ ಕಾಯಿಸಿದ್ದರು.

ಕೊನೆಗೆ ಗಾಡಿ ಕೊಂಡವರು ಮಂಡ್ಯದ ಒಬ್ಬ ಮೇಷ್ಟ್ರು. ಅಂದುಕೊಂಡಷ್ಟು ಬೆಲೆ ಅವರು ಹೇಳಲಿಲ್ಲ ಅಂತ ಅಣ್ಣನಿಗೆ ಸ್ವಲ್ಪ ಬೇಜಾರು. ಆದರೆ ವರ್ಗಾವಣೆ ಆಗುವ ತನಕ ನನ್ನ ಜೊತೆ ಎರಡು ಸಲ ಆರ್‌ಟಿಒಗೆ ಬಂದವರು ಅವರೇ. ಅವರಿಗೆ ನಾನು ಪೇಪರಿನ ಫೈಲು, ಅಪ್ಪನ ಬಿಸ್ಕತ್ ಡಬ್ಬಿ ತುಂಬ ಇದ್ದ ಪಾಯಿಂಟು, ಕಂಡೆನ್ಸರಿನಂಥ ಬಿಡಿಭಾಗ, ಹಳೇ ಪ್ಲೇಟುಗಳು ಎಲ್ಲ ಕೊಟ್ಟೆ. ಗಾಡಿಯ ಅಭ್ಯಾಸಗಳನ್ನು ಎರಡು ಹಾಳೆಯಲ್ಲಿ ಬರೆದೂ ಕೊಟ್ಟೆ. ನೀವೂ ಹೀಗೆ ಬರೆದುಕೊಡಿ. ಎರಡನೇ ಗೇರು ಹೇಗೆ ಬೀಳುತ್ತದೆ, ಯಾವ ಬಾಗಿಲನ್ನು ಎತ್ತಿ ಹಾಕಬೇಕು, ಟ್ಯಾಂಕಿನ ಮುಳ್ಳು ಎಷ್ಟು ಸುಳ್ಳು ಹೇಳುತ್ತದೆ.

ಹದಿನೈದು ದಿನಕ್ಕೆ ಮೇಷ್ಟ್ರ ಫೋನ್ ಬಂತು. ಬೆಳಗ್ಗೆ ಆರೂವರೆ. "ಏನ್ ಮಾಡುದ್ರೂ ಸ್ಟಾರ್ಟೇ ಆಯ್ತಿಲ್ಲ ಸಾರ್. ಚೋಕು ಪೂರ್ತಿ ಎಳ್ದಿವ್ನಿ." ನನಗೂ ತಕ್ಷಣ ಹೊಳೆಯಲಿಲ್ಲ. ಹಾಳೆಯಲ್ಲಿ ಅದೊಂದನ್ನು ಬರೆದೇ ಇರಲಿಲ್ಲ. ಅಡುಗೆಮನೆಯಿಂದ ಅಮ್ಮ ಬಂದು ಫೋನ್ ಇಸಕೊಂಡರು. ಜೀವಮಾನದಲ್ಲಿ ಒಂದು ದಿನವೂ ಸ್ಟೀರಿಂಗ್ ಹಿಡಿದವರಲ್ಲ.

"ಪೂರ್ತಿ ಎಳೀಬೇಡಿ ಮೇಷ್ಟ್ರೇ. ಪ್ಲಗ್ಗು ನೆನೆಯತ್ತೆ. ಅರ್ಧ ಎಳೀರಿ. ಎರಡು ಸಲ ಉಸಿರು ಬಿಟ್ಟ ಹಾಗೆ ಸದ್ದಾಗತ್ತೆ. ಮೂರನೇದಕ್ಕೆ ಚೋಕ್ ಒಳಗೆ ತಳ್ಳಿ, ಆಕ್ಸಿಲೇಟರ್ ಕೊಡಿ."

ಫೋನಿನ ಆ ಕಡೆ ಒಂದು, ಎರಡು. ಆಮೇಲೆ ಎಂಜಿನ್ ಹಿಡಿದುಕೊಂಡ ಸದ್ದು ನಮ್ಮ ಹಜಾರದ ತನಕ ಕೇಳಿಸಿತು.